ನಾ ಪೋಲಿ

ಸೆಲೆಸ್ಟಿನಮ್ಮ ಅದನ್ನು ತಂದದ್ದು ದಿಂಬಿನ ಚೀಲದಲ್ಲಿ,
ದೇವರಾಜ ಮಾರ್ಕೆಟ್ಟಿನ ಸೊಪ್ಪಿನ ಕಟ್ಟಿನ ಜೊತೆ.
ಆಟೋ ಇಳಿದು ಮೊದಲು ಸೊಪ್ಪನ್ನು ನೆರಳಿಗಿಟ್ಟು
ಆಮೇಲೆ ಇದನ್ನು ನನ್ನ ಮೇಜಿನ ಮೇಲೆ ಮಲಗಿಸಿದರು.
ಮಿಷನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದ ಕೈ,
ಮಲಗಿಸುವುದು ಗೊತ್ತು.

"ಇಟಲಿಯದು" ಅಂದರು.
"ಯುದ್ಧದ ಕಾಲ. ಅಪ್ಪ ಬೆಂಗಳೂರಿನ ಕ್ಯಾಂಪಿನ ಅಡುಗೆಮನೆಯಲ್ಲಿದ್ದಾಗ
ಕೈದಿಯೊಬ್ಬ ಎರಡು ಪ್ಯಾಕು ಸಿಗರೇಟಿಗೆ ಕೊಟ್ಟದ್ದು.
ಮಾಡಿದವರು ಯಾರು ಅಂತ ಗೊತ್ತಾದರೆ
ಬೆಲೆ ಬರುತ್ತಂತೆ, ತಂಗಿ ಮಗ ಹೇಳಿದ."

ಎಂಟು ತಂತಿಯಲ್ಲಿ ಉಳಿದದ್ದು ಮೂರು, ಮೂರಕ್ಕೂ ತುಕ್ಕು.
ಕುತ್ತಿಗೆ ಮುಂದಕ್ಕೆ ಬಾಗಿದೆ,
ಬಾವಿಯೊಳಗೆ ಇಣುಕುವ ಮಗುವಿನ ಹಾಗೆ.
ಮೇಲಿನ ಹಲಗೆ ಸೀಳಿದಲ್ಲಿ ಯಾರೋ ಪುಣ್ಯಾತ್ಮ
ಫೆವಿಕಾಲ್ ಸುರಿದು ಒರೆಸದೆ ಹೋಗಿದ್ದಾನೆ.

ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ, ಮೊಬೈಲಿನ ಬೆಳಕು.
ಒಳಗೊಂದು ಚೀಟಿ, ಇಂಗ್ಲಿಷಿನ ಆರು ಅಕ್ಷರ,
ಅಚ್ಚಿನದಲ್ಲ, ಶಾಯಿಯದು, ಎನ್ ತಿರುಗುಮುರುಗು.
ಹುಡುಗ ಚೆಲುವರಾಜು ಕೂಡಿಸಿಕೊಂಡು ಓದಿದ:
"ನಾ... ಪೋ... ಲಿ.
ಅಣ್ಣ, ನಾ ಪೋಲಿ ಅಂತ ಬರ್ಕೊಂಡವ್ನೆ!"

ನಕ್ಕೆವು. ಬಿಸಿ ಚಾಕು ಹಾಕಿ ಹಲಗೆ ಬಿಡಿಸತೊಡಗಿದೆ.
ಫೆವಿಕಾಲ್ ಜಪ್ಪಯ್ಯ ಅನ್ನಲಿಲ್ಲ.
ಅದರಾಚೆಗಿನ ಹಳೇ ಮರವಜ್ರ ಮಾತ್ರ
ಬಿಸಿನೀರು ತಾಗಿದ್ದೇ ಗೊರಸಿನ ವಾಸನೆ ಬಿಟ್ಟು ಒಪ್ಪಿಕೊಂಡಿತು.

ಬುರುಡೆಯ ಅಂಚು ಕೆರೆದೆ, ಒಂದು ಚಿಟಿಕೆ.
ಹೊರಗೆ ಕಪ್ಪು ಮೆರುಗು, ಒಳಗೆ ಅರಿಸಿನ.
ಮೂಗಿಗೆ ಹಿಡಿದೆ.
ಹಲಸು.

ಇಟಲಿಯಲ್ಲಿ ಹಲಸೇ?
ವೀಣೆಗೆ ಕೊಡ ಕೊರೆಯುವವರ ಮರ ಇದು.
ಒಂದೇ ದಿಮ್ಮಿಯಿಂದ ತೋಡಿದ ಬುರುಡೆ;
ಪಟ್ಟಿ ಪಟ್ಟಿ ಜೋಡಿಸಿದಂತೆ ಮೇಲೆ ಗೆರೆ ಎಳೆದಿದ್ದಾನೆ, ಕಳ್ಳ.

ಪಕ್ಕದ ಅಂಗಡಿಯ ಗೌಸ್ ಸಾಹೇಬರು, ಇನ್ಲೇ ಕೆಲಸದವರು,
ಕನ್ನಡಕ ಹಣೆಗೇರಿಸಿ ಬಿಳಿ ಹೂವಿಗೆ ನಾಲಿಗೆ ತಾಗಿಸಿದರು.
"ದಂತ ಅಲ್ಲ, ಮೂಳೆ. ಕೊಯ್ದವನು ಎಡಚ.
ಎಸಳಿನ ಬಾಗು ನೋಡು."
ಹೆಸರು ಕೇಳಿದರೆ
ಗೋಂದು ಆರುತ್ತೆ ಅಂತ ಎದ್ದು ಹೋದರು.

ಹಲಗೆಯ ಒಳಮೈಯಲ್ಲಿ ಪೆನ್ಸಿಲ್.
ಕನ್ನಡದ ಅಂಕಿ, ೪, ೧೧. ಇಸವಿ ಇಲ್ಲ.
ಪಕ್ಕದಲ್ಲಿ "ಚಾರಿ".
ಅದರ ಹಿಂದಿನದನ್ನು ಹುಳ ತಿಂದಿದೆ,
ಹೆಸರಿನುದ್ದಕ್ಕೇ ಅಚ್ಚುಕಟ್ಟಾಗಿ ಸುರಂಗ ಕೊರೆದು.

ಚಾರಿ.
ಮಂಡಿ ಮೊಹಲ್ಲಾದ ಈ ಓಣಿಯಲ್ಲಿ ಉಳಿ ಹಿಡಿದವರಲ್ಲಿ
ಅರ್ಧ ಜನ ಚಾರಿ. ನನ್ನ ಬೋರ್ಡಿನ ಮೇಲೂ ಅದೇ.
ಬೆಳಕು ಆರಿಸಿ ಸ್ವಲ್ಪ ಹೊತ್ತು ಕೂತೆ.

ಆಮೇಲಿನದು ಕೆಲಸ. ಫೆವಿಕಾಲ್ ಕೆರೆಯಲಿಕ್ಕೇ ಎರಡು ದಿನ.
ಸೀಳಿಗೆ ಒಳಗಿಂದ ನಾಲ್ಕು ತೆಳು ತುಂಡು,
ಕುತ್ತಿಗೆಗೆ ಬೀಟೆಯ ಬೆಣೆ.
ತಂತಿ ಬಿಗಿಯುವ ಕಿವಿ ಒಂದು ಕಳೆದಿತ್ತು,
ಹಿತ್ತಾಳೆಯ ಬೀಗದ ಕೈ ಅರೆದು ಕೂರಿಸಿದೆ.
ಐದನೇ ಮೆಟ್ಟಿನ ಹಿಂದಿನ ಗುಳಿ ಮಾತ್ರ ತುಂಬಲಿಲ್ಲ;
ಅಲ್ಲಿ ಒಬ್ಬನ ಬೆರಳು ಬಹಳ ವರ್ಷ ನಿಂತಿತ್ತು.

ಮುಚ್ಚುವ ಮುಂಚೆ ಪೆನ್ಸಿಲ್ ಕೈಗೆತ್ತಿಕೊಂಡೆ.
ಹುಳ ತಿಂದ ಜಾಗದಲ್ಲಿ ನನ್ನ "ನಂಜಾ"
ಸರಿಯಾಗಿ ಹಿಡಿಸುತ್ತಿತ್ತು.
ಕಿವಿಗೆ ಸಿಕ್ಕಿಸಿಕೊಂಡು ವಜ್ರ ಕಾಯಿಸಲು ಎದ್ದೆ.

ಸೆಲೆಸ್ಟಿನಮ್ಮನಿಗೆ ಎಲ್ಲ ಹೇಳಿದೆ: ಹಲಸು, ಮೂಳೆ, ಎಡಗೈ, ಚಾರಿ.
"ಹಾಗಾದರೆ ಆ ಕೈದಿ?"
ಕನ್ನಡಿ ಹಿಡಿದು ಚೀಟಿ ತೋರಿಸಿದೆ.
ಚೆಲುವರಾಜು ತಡೆಯಲಾರದೆ ಓದಿಯೇಬಿಟ್ಟ.

ಮೊದಲು ನಗಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು.
"ಇದು ಅಪ್ಪನ ಕೈಬರಹ ಕಣ್ರೀ.
ಎನ್ ಹೀಗೇ ತಿರುಗಿಸಿ ಬರೀತಿದ್ದ,
ಆಂಥೋನಿ ಅಂತ ಸಹಿ ಹಾಕಿದರೆ ಎರಡು ಸಲ.
ಪೋಲಿ ಅಂತ ಅವನೇ ಬರೆದಿಟ್ಟಿದ್ದಾನೆ, ನಾವು ಓದಲಿಲ್ಲ."

ಪರ್ಸು ತೆಗೆದರು. "ಇಟಲಿಯ ರೇಟು ಹಾಕಿದೀರಿ,
ಇಲ್ಲೇ ಮಾಡಿದ್ದು ತಾನೇ, ಇನ್ನೂರು ಕಮ್ಮಿ ಮಾಡ್ಕೊಳ್ಳಿ."
ಮಾಡಿಕೊಂಡೆ.

ತಿರುವಿನ ಹಂಪು ಹಾರುವಾಗ ಆಟೋದೊಳಗಿಂದ
ಎಂಟೂ ತಂತಿ ಒಟ್ಟಿಗೆ ಏನೋ ಅಂದವು.
ಒಂದು ಸ್ವಲ್ಪ ಇಳಿದಿತ್ತು.
ಬೀಗದ ಕೈಯದೇ ಇರಬೇಕು.